ಮೊದಲ ಸಾಲು

ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಿಂದ ಸಾಂಗ್ಲಿಗೆ ಬರಬೇಕಾದವರು ಬೆಳಗಿನ ಬಸ್ಸನ್ನೇ ಹಿಡಿಯಬೇಕು. ಜತ್ತ, ಕವಠೆ ಮಹಾಂಕಾಳ, ಮಿರಜ ಇವನ್ನು ದಾಟಿ ಸಾಂಗ್ಲಿಯ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿರುತ್ತದೆ. ಆ ದಿನ ಹಾಗೆ ಇಳಿದ ರೈತನೊಬ್ಬನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಮಗಳಿಗೆಂದು ಕಟ್ಟಿಸಿಕೊಂಡು ಬಂದ ಸಜ್ಜೆಯ ರೊಟ್ಟಿ ಮತ್ತು ಶೇಂಗಾ ಚಟ್ನಿ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದಗಳು: ಸಾತಬಾರಾ ಉತಾರ, ಎಂಟು-ಅ, ತಂದೆಯ ಮರಣದ ದಾಖಲೆ, ಮತ್ತು ಬ್ಯಾಂಕೊಂದು ಹಿಂದಿರುಗಿಸಿದ ಬೆಳೆಸಾಲದ ಅರ್ಜಿ. ದಾಳಿಂಬೆ ತೋಟಕ್ಕೆಂದು ಕೇಳಿದ ಆ ಸಾಲದಲ್ಲಿ ಸ್ವಲ್ಪ ಉಳಿಸಿ ಮಗಳ ಇಂಜಿನಿಯರಿಂಗ್ ಎರಡನೆಯ ವರ್ಷದ ಶುಲ್ಕದ ಕೊನೆಯ ಕಂತು ಕಟ್ಟಬೇಕೆಂದು ಆತನು ಲೆಕ್ಕ ಹಾಕಿಕೊಂಡಿದ್ದನು. ಅರ್ಜಿ ಹಿಂದಿರುಗಲು ಕಾರಣ ಒಂದೇ. ಜಮೀನಿನ ಉತಾರದಲ್ಲಿ ಆತನ ಹೆಸರಿರಲಿಲ್ಲ. ಆತನ ತಂದೆಯ ಹೆಸರೂ ಇರಲಿಲ್ಲ. ಎಂಬತ್ತರ ದಶಕದಲ್ಲಿ ತೀರಿಹೋದ ಅಜ್ಜನ ಹೆಸರು ಮಾತ್ರ ಇಂದಿಗೂ ಅಲ್ಲಿ ಜೀವಂತವಾಗಿತ್ತು.

ವಿಶ್ರಾಮಬಾಗದ ವಸತಿಗೃಹದ ಎದುರಿಗಿನ ಬೇವಿನ ಮರದ ಕೆಳಗೆ ತಂದೆ ಮಗಳು ಕುಳಿತರು. ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಅವಳ ಮುಖವೂ ಅಷ್ಟೇನೂ ಹಸನಾಗಿರಲಿಲ್ಲ. ಸಂಜೆಯೊಳಗೆ ಒಪ್ಪಿಸಬೇಕಾದ ಜಾವಾ ಭಾಷೆಯ ಪ್ರೋಗ್ರಾಮು ಮೂರು ದಿನಗಳಿಂದ ಓಡದೆ ಹಟ ಹಿಡಿದಿತ್ತು.

"ನಿಂದೂ ವಾಪಸ್ ಬಂತೇನವಾ?" ಎಂದು ತಂದೆ ಕೇಳಿದನು.

"ಹೌದಪಾ. ಕೇಳಿದ್ದ ಕೊಟ್ಟಿಲ್ಲ ಅಂತದ. ಏನ್ ಕೇಳೇದ ಅನ್ನೂದ ನನಗ ತಿಳಿವಲ್ದು."

ಹತ್ತನೆಯ ತರಗತಿಯವರೆಗೆ ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ಹುಡುಗಿ ಅವಳು. ಪುಣೆಯ ಬಾಲಭಾರತಿ ಕನ್ನಡದಲ್ಲಿ ಮುದ್ರಿಸುವ ಗಣಿತ ಮತ್ತು ವಿಜ್ಞಾನದ ಪುಸ್ತಕಗಳೇ ಅವಳ ಬುನಾದಿ. ಮರಾಠಿಯನ್ನು ಶಾಲೆಯಲ್ಲಿ ಒಂದು ವಿಷಯವಾಗಿ ಕಲಿತಳು. ಅದಕ್ಕಿಂತ ಹೆಚ್ಚಾಗಿ ಮನೆಗೆ ಬರುತ್ತಿದ್ದ ಸರ್ಕಾರಿ ಕಾಗದಗಳನ್ನು ಅಜ್ಜಿಗೆ ಓದಿ ಹೇಳುತ್ತ ಕಲಿತಳು. ಗಡಿಭಾಗದ ಕನ್ನಡ ಮನೆಗಳಲ್ಲಿ ಈ ಕೆಲಸ ಶಾಲೆಗೆ ಹೋಗುವ ಮಗುವಿನದೇ ಆಗಿರುತ್ತದೆ. ತಲಾಠಿಯ ನೋಟೀಸು ಬಂದರೂ, ವಿದ್ಯುತ್ ಬಿಲ್ಲು ಬಂದರೂ, ನೀರಾವರಿ ಇಲಾಖೆಯ ಪತ್ರ ಬಂದರೂ ಹತ್ತು ವರ್ಷದ ಮಗುವೇ ಆ ಮನೆಯ ವಕೀಲ. ಹನ್ನೊಂದನೆಯ ತರಗತಿಯಲ್ಲಿ ಎಲ್ಲವೂ ಇಂಗ್ಲಿಷಿಗೆ ತಿರುಗಿದಾಗ ಅವಳು ಒಂದು ವರ್ಷ ಮಾತನ್ನೇ ಕಡಿಮೆ ಮಾಡಿದಳೆಂದು ತಾಯಿ ಈಗಲೂ ಹೇಳುವುದುಂಟು.

ಅವಳ ಪ್ರೋಗ್ರಾಮಿನ ತೊಡಕು ಹೀಗಿತ್ತು. ಈ ಬಗೆಯ ಭಾಷೆಗಳಲ್ಲಿ ಮೊದಲು ವರ್ಗವೊಂದನ್ನು ಬರೆಯುತ್ತಾರೆ. ವರ್ಗವೆಂದರೆ ನಮೂನೆ, ಸರ್ಕಾರಿ ಕಚೇರಿಯ ಖಾಲಿ ಫಾರ್ಮು ಇದ್ದಂತೆ. ಅದರಿಂದ ತಯಾರಾಗುವ ಒಂದೊಂದು ಭರ್ತಿಯಾದ ಪ್ರತಿಯೇ ವಸ್ತು. ವಸ್ತು ಹುಟ್ಟುವ ಕ್ಷಣದಲ್ಲಿ ಅದರ ಖಾಲಿ ಜಾಗಗಳನ್ನು ತುಂಬುವ ಕೆಲಸ ಕನ್‌ಸ್ಟ್ರಕ್ಟರಿನದು. ಒಂದು ವರ್ಗದ ಮೇಲೆ ಇನ್ನೊಂದನ್ನು ಕಟ್ಟಬಹುದು. ಆಗ ಕೆಳಗಿನದು ಮೂಲವರ್ಗ, ಮೇಲೆ ಕಟ್ಟಿದ್ದು ಉಪವರ್ಗ. ಪಠ್ಯಪುಸ್ತಕಗಳು ಇದಕ್ಕೆ ಬ್ಯಾಂಕ್ ಖಾತೆ ಮತ್ತು ಉಳಿತಾಯ ಖಾತೆಯ ಉದಾಹರಣೆ ಕೊಡುತ್ತವೆ. ಹುಡುಗಿಗೆ ಅದು ರುಚಿಸಲಿಲ್ಲ. ತನಗೆ ಗೊತ್ತಿದ್ದದ್ದನ್ನೇ ಬರೆದಳು. 'ಜಮೀನು' ಎಂಬ ಮೂಲವರ್ಗ. ಅದಕ್ಕೆ ಗಟ್ ನಂಬರು ಮತ್ತು ಕ್ಷೇತ್ರ. 'ತೋಟ' ಎಂಬ ಉಪವರ್ಗ. ಅದಕ್ಕೆ ಗಿಡಗಳ ಸಂಖ್ಯೆ. ತೋಟವೆಂದರೆ ಜಮೀನೇ, ಆದರೆ ಗಿಡ ನೆಟ್ಟ ಜಮೀನು. ಜಮೀನಿನ ಕನ್‌ಸ್ಟ್ರಕ್ಟರು ಗಟ್ ನಂಬರನ್ನೂ ಕ್ಷೇತ್ರವನ್ನೂ ಕೇಳಿ ಪಡೆಯುತ್ತಿತ್ತು. ಕ್ಷೇತ್ರ ಸೊನ್ನೆಯಾಗಿದ್ದರೆ ಒಪ್ಪುತ್ತಿರಲಿಲ್ಲ. ತೋಟದ ಕನ್‌ಸ್ಟ್ರಕ್ಟರಿನಲ್ಲಿ ಅವಳು ಬರೆದದ್ದು ಒಂದೇ ಸಾಲು: ಗಿಡಗಳ ಸಂಖ್ಯೆ ಇಷ್ಟು.

ಕಂಪೈಲರು ಆ ಸಾಲನ್ನು ಬೈಯಲಿಲ್ಲ. ಅದಕ್ಕೂ ಮೇಲಿನ, ಏನೂ ಬರೆಯದ ಆವರಣದ ಗುರುತಿಗೆ ಬೆರಳಿಟ್ಟು, ಜಮೀನಿನ ಕನ್‌ಸ್ಟ್ರಕ್ಟರಿಗೆ ಬೇಕಾದದ್ದು ಎರಡು, ಸಿಕ್ಕಿದ್ದು ಏನೂ ಇಲ್ಲ ಎಂದು ಹೇಳಿತು. ತಾನು ಕರೆಯದೇ ಇದ್ದುದಕ್ಕೆ ತಾನೇಕೆ ಉತ್ತರ ಕೊಡಬೇಕೆಂಬುದು ಮೂರು ದಿನಗಳಿಂದ ಅವಳನ್ನು ಕಾಡಿದ ಪ್ರಶ್ನೆ.

ಉತ್ತರ ಜಾವಾದ ಒಂದು ಮೌನ ನಿಯಮದಲ್ಲಿದೆ. ಉಪವರ್ಗದ ವಸ್ತು ಹುಟ್ಟಬೇಕಾದರೆ ಮೂಲವರ್ಗದ ಕನ್‌ಸ್ಟ್ರಕ್ಟರು ಓಡಿಯೇ ತೀರಬೇಕು. ಅದನ್ನು ಕರೆಯುವ ಪದ 'ಸೂಪರ್'. ಬರೆಯುವವರು ಆ ಕರೆಯನ್ನು ಬರೆಯದಿದ್ದರೆ ಕಂಪೈಲರು ತಾನೇ ಏನನ್ನೂ ಕೊಡದ ಬರಿಗೈಯ ಸೂಪರ್ ಒಂದನ್ನು ಮೊದಲ ಸಾಲಾಗಿ ಸೇರಿಸುತ್ತದೆ. ಮೂಲವರ್ಗ ಬರಿಗೈಯ ಕರೆಗೆ ಒಪ್ಪುವಂಥದಾದರೆ ಯಾರಿಗೂ ಏನೂ ಗೊತ್ತಾಗದೆ ಕೆಲಸ ನಡೆದುಹೋಗುತ್ತದೆ. ಎರಡು ಬೆಲೆಗಳನ್ನು ಕೇಳುವಂಥದಾದರೆ ಕಂಪೈಲರು ತಾನೇ ಬರೆದ ಸಾಲಿನಲ್ಲಿ ತಾನೇ ತಪ್ಪು ಕಂಡು ಬರೆಯದವರ ಮೇಲೆ ದೂರುತ್ತದೆ. ಹೊಸಬರನ್ನು ಇಷ್ಟು ಚೆನ್ನಾಗಿ ದಿಕ್ಕು ತಪ್ಪಿಸುವ ದೂರು ಇನ್ನೊಂದಿಲ್ಲ.

ಹುಡುಗಿಗೆ ದಾರಿ ತೋರಿಸಿದ್ದು ಜಾವಾ ಪುಸ್ತಕವಲ್ಲ, ತಂದೆಯ ಚೀಲ. ಇಂಗ್ಲಿಷ್ ಪುಸ್ತಕದಲ್ಲಿ 'ಇನ್‌ಹೆರಿಟನ್ಸ್' ಎಂದಿದ್ದ ಅಧ್ಯಾಯಕ್ಕೆ ಕೋಣೆಯ ಗೆಳತಿ ಮರಾಠಿಯಲ್ಲಿ 'ವಾರಸಾ' ಎಂದು ಅರ್ಥ ಹೇಳಿದ್ದಳು. ಆ ಮಾತು ನೆನಪಿನಲ್ಲಿ ಹಾಗೆಯೇ ಉಳಿದಿತ್ತು. ಈಗ ತಂದೆ ಬಿಚ್ಚಿದ ಕಾಗದಗಳ ಮೇಲಿನ ಹಾಳೆಯಲ್ಲಿ ಅದೇ ಪದ ಕಂಡಿತು: ವಾರಸ ನೋಂದ. ತಲಾಠಿ ಕಚೇರಿಗೆ ಆತನು ಕೊಟ್ಟಿದ್ದ ಅರ್ಜಿ ಅದು. ಅದೂ ಹಿಂದಿರುಗಿ ಬಂದಿತ್ತು.

ಮಹಾರಾಷ್ಟ್ರದ ರೈತನಿಗೆ ಸಾತಬಾರಾ ಎಂದರೆ ಏಳು ಮತ್ತು ಹನ್ನೆರಡು ಎಂಬ ಎರಡು ನಮೂನೆಗಳ ಜೋಡಿ. ಏಳರಲ್ಲಿ ಒಡೆತನ, ಹನ್ನೆರಡರಲ್ಲಿ ಬೆಳೆ. ಆದರೆ ಏಳರ ಮೇಲೆ ಯಾವ ಹೆಸರೂ ನೇರವಾಗಿ ಬಂದು ಕೂಡುವುದಿಲ್ಲ. ಖಾತೆದಾರನು ತೀರಿಕೊಂಡರೆ ಮೊದಲು 6-ಕ ಎಂಬ ವಾರಸರ ವಹಿಯಲ್ಲಿ ಎಲ್ಲ ವಾರಸರ ಹೆಸರು ದಾಖಲಾಗಬೇಕು. ಅದರ ಆಧಾರದ ಮೇಲೆ 6ರಲ್ಲಿ ಫೇರಫಾರ ಬರೆಯಬೇಕು. ಸಂಬಂಧಪಟ್ಟವರಿಗೆ ನೋಟೀಸು ಹೋಗಿ, ತಕರಾರಿಗೆ ಹದಿನೈದು ದಿನ ಕಾದು, ಮಂಡಲ ಅಧಿಕಾರಿ ಅದನ್ನು ಪ್ರಮಾಣೀಕರಿಸಿದ ಮೇಲೆಯೇ ಏಳರಲ್ಲಿ ಹೆಸರು ಬದಲಾಗುತ್ತದೆ. 1966ರ ಜಮೀನು ಮಹಸೂಲ ಸಂಹಿತೆಯ 149ನೆಯ ಕಲಮಿನ ಪ್ರಕಾರ ಹಕ್ಕು ಬಂದ ಮೂರು ತಿಂಗಳಲ್ಲಿ ತಲಾಠಿಗೆ ತಿಳಿಸಬೇಕು. ಯಾರು ತಿಳಿಸುತ್ತಾರೆ? ಸತ್ತವರ ಹೆಸರಿನಲ್ಲಿ ನಿಂತ ಉತಾರಗಳು ಎಷ್ಟು ಹೆಚ್ಚಿದ್ದವೆಂದರೆ, 2025ರಲ್ಲಿ ರಾಜ್ಯ ಸರ್ಕಾರ 'ಜಿವಂತ ಸಾತಬಾರಾ' ಎಂಬ ಮೋಹಿಮೆಯನ್ನೇ ಕೈಗೊಳ್ಳಬೇಕಾಯಿತು.

ಈ ಮನೆಯಲ್ಲಿ ಎರಡು ತಲೆಮಾರು ಬಾಕಿಯಿತ್ತು. ಮೊಮ್ಮಗನ ಹೆಸರು ಬರಬೇಕಾದರೆ ಮೊದಲು ಮುತ್ತಜ್ಜನಿಂದ ಅಜ್ಜನಿಗೆ, ಆಮೇಲೆ ಅಜ್ಜನಿಂದ ಮುಂದಕ್ಕೆ ಎಂದು ಸರಪಳಿ ಪೂರ್ತಿಯಾಗಬೇಕು. ಮುತ್ತಜ್ಜನಿಗೆ ಒಬ್ಬನೇ ಮಗನಿದ್ದುದರಿಂದ ಮೊದಲ ಕೊಂಡಿ ಸುಲಭ. ಸಮಸ್ಯೆ ಎರಡನೆಯದು. ಅಜ್ಜ ತೀರಿ ನಾಲ್ಕು ವರ್ಷವಾಗಿತ್ತು. ಅಜ್ಜಿ ಇದ್ದಾಳೆ, ಈ ರೈತನಿದ್ದಾನೆ, ಅವನ ಇಬ್ಬರು ಅಕ್ಕಂದಿರಿದ್ದಾರೆ: ಒಬ್ಬಳು ಮಂಗಳವೇಢೆಯಲ್ಲಿ, ಇನ್ನೊಬ್ಬಳು ಗಡಿಯಾಚೆ ಅಥಣಿಯಲ್ಲಿ. ಅರ್ಜಿಯಲ್ಲಿ ಆತನು ಬರೆದದ್ದು ತನ್ನೊಬ್ಬನ ಹೆಸರನ್ನು. ಅರ್ಜಿಯ ಅಂಚಿನಲ್ಲಿ ಯಾರೋ ಹಸಿರು ಶಾಯಿಯಲ್ಲಿ ಒಂದೇ ಸಾಲು ಗೀಚಿದ್ದರು: ಎಲ್ಲ ವಾರಸರ ಹೆಸರು ಕೊಡಿ.

"ಬೇಕಾದ್ದು ನಾಕು, ಸಿಕ್ಕಿದ್ದು ಒಂದು," ಎಂದಳು ಹುಡುಗಿ, ಕಂಪೈಲರಿನ ದನಿಯಲ್ಲಿ. ನಕ್ಕಳು. ಆಮೇಲೆ ನಗಲಿಲ್ಲ.

ಜಾವಾದಲ್ಲಿಯೂ ಸರಪಳಿ ಹಾಗೆಯೇ. ತೋಟ ಜಮೀನನ್ನು ಕರೆಯುತ್ತದೆ. ಜಮೀನು ತಾನೂ ಒಂದು ಸೂಪರನ್ನು ಕರೆಯುತ್ತದೆ. ಏಕೆಂದರೆ ಯಾರ ಮೇಲೂ ಕಟ್ಟಿಲ್ಲವೆಂದು ತೋರುವ ವರ್ಗವೂ ಆ ಭಾಷೆಯಲ್ಲಿ 'ಆಬ್ಜೆಕ್ಟ್' ಎಂಬ ಎಲ್ಲಕ್ಕೂ ಮೂಲವಾದ ವರ್ಗದ ಸಂತಾನವೇ. ಕರೆಗಳು ಕೆಳಗಿಳಿಯುತ್ತ ಮೂಲಪುರುಷನನ್ನು ಮುಟ್ಟಿ, ಅಲ್ಲಿಂದ ಕೆಲಸ ಪೂರೈಸುತ್ತ ಮೇಲೆ ಬರುತ್ತವೆ. ಎಲ್ಲರಿಗಿಂತ ಮೊದಲು ಕರೆದವನ ಕೆಲಸ ಎಲ್ಲರಿಗಿಂತ ಕೊನೆಗೆ ಮುಗಿಯುತ್ತದೆ. ತಂದೆಯ ವಯಸ್ಸಿನವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ತರಗತಿಯಲ್ಲಿ ಹಲವರು ಒಂದು ತಪ್ಪು ತಿಳಿದಿದ್ದರು. ಸೂಪರ್ ಕರೆದಾಗ ಬೇರೊಂದು ಜಮೀನು ಹುಟ್ಟುತ್ತದೆ, ತೋಟ ಅದರ ಪಕ್ಕದಲ್ಲಿ ನಿಲ್ಲುತ್ತದೆ ಎಂದು. ಹಾಗಲ್ಲ. ಹುಟ್ಟುವುದು ಒಂದೇ ವಸ್ತು. ಕನ್‌ಸ್ಟ್ರಕ್ಟರು ಯಾವುದೂ ಓಡುವ ಮೊದಲೇ ಗಣಕದ ನೆನಪಿನಲ್ಲಿ ಆ ವಸ್ತುವಿಗೆ ಪೂರ್ತಿ ಜಾಗ ಸಿಕ್ಕಿರುತ್ತದೆ. ಗಟ್ ನಂಬರಿಗೆ, ಕ್ಷೇತ್ರಕ್ಕೆ, ಗಿಡಗಳಿಗೆ ಎಲ್ಲಕ್ಕೂ ಮನೆಯುಂಟು, ಆದರೆ ಒಳಗೆ ಸೊನ್ನೆ. ಸೂಪರ್ ಮಾಡುವುದು ಜಾಗ ಕೊಡುವ ಕೆಲಸವನ್ನಲ್ಲ. ಮೂಲವರ್ಗದ ಪಾಲಿನ ಕೋಣೆಗಳಿಗೆ ಬೆಲೆ ತುಂಬುವ ಕೆಲಸವನ್ನು.

ಕಾನೂನು ಬಲ್ಲವರು ಇಲ್ಲಿ ತಲೆದೂಗಬೇಕು. ಫೇರಫಾರದ ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ; ಅದು ಕಂದಾಯದ ಅನುಕೂಲಕ್ಕಾಗಿ ಇರುವ ದಾಖಲೆ ಮಾತ್ರವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಕ್ಕು ಮೊದಲೇ ಇರುತ್ತದೆ, ಹೆಸರು ಆಮೇಲೆ ತುಂಬುತ್ತದೆ. ಹುಟ್ಟಿದ ಕ್ಷಣಕ್ಕೇ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆಂಬ ಮಾತನ್ನು ದೇಶದ ಬಹುಭಾಗಕ್ಕೆ ಕಾನೂನಾಗುವಂತೆ ಬರೆದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ಅವನ 'ಮಿತಾಕ್ಷರ' ಹುಟ್ಟಿದ್ದು ಕನ್ನಡದ ನೆಲದಲ್ಲಿ. ಬಂಗಾಳದ ಜೀಮೂತವಾಹನನ 'ದಾಯಭಾಗ'ದಲ್ಲಿ ತಂದೆ ಸತ್ತ ಮೇಲೆಯೇ ಮಗನಿಗೆ ಹಕ್ಕು. ಪ್ರೋಗ್ರಾಮಿನ ವಾರಸಾ ಯಾವ ಪಂಥದ್ದೆಂದು ಕೇಳಿದರೆ ನಿಸ್ಸಂಶಯವಾಗಿ ಮಿತಾಕ್ಷರದ್ದು. ಅಲ್ಲಿ ಮೂಲವರ್ಗ ಸಾಯುವುದೇ ಇಲ್ಲ, ಉಪವರ್ಗಕ್ಕೆ ಹುಟ್ಟಿನಿಂದಲೇ ಎಲ್ಲವೂ ಬರುತ್ತದೆ. ಆದರೆ ವಿಜ್ಞಾನೇಶ್ವರನು ಹುಟ್ಟಿನ ಹಕ್ಕನ್ನು ಕೊಟ್ಟದ್ದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳನ್ನು ಆ ಸಾಲಿಗೆ ತರಲು ಈ ಭಾಗದಲ್ಲಿ 1994ರವರೆಗೆ ಕಾಯಬೇಕಾಯಿತು. ಆ ವರ್ಷ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ತಮ್ಮ ತಮ್ಮ ತಿದ್ದುಪಡಿ ತಂದವು. ಅಷ್ಟರೊಳಗೆ ಮದುವೆಯಾಗಿದ್ದವರನ್ನು ಎರಡೂ ಹೊರಗಿಟ್ಟವು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದರ ಮೇಲೆ ಪಾಲಿನ ಪ್ರಮಾಣ ಬದಲಾದೀತು. ಆದರೆ ಮರಣಪತ್ರವಿಲ್ಲದೆ ತೀರಿಕೊಂಡವನ ಪಾಲಿಗೆ ಹೆಂಡತಿ, ಮಗ, ಮಗಳು ಸಮಾನ ವಾರಸರೆಂಬುದು 1956ರಿಂದಲೇ ಇರುವ ಮಾತು. ಅಕ್ಕಂದಿರ ಹೆಸರು ಬಿಡುವುದಕ್ಕೆ ಯಾವ ದಾರಿಯೂ ಇರಲಿಲ್ಲ.

"ಅತ್ತೀಯವರ ಹೆಸರ ಯಾಕ ಬರದಿಲ್ಲಪಾ?"

ತಂದೆ ಸ್ವಲ್ಪ ಹೊತ್ತು ರೊಟ್ಟಿಯ ಗಂಟನ್ನು ನೋಡಿದನು. "ಹಕ್ಕಸೋಡ ಬರಸಿಕೊಂಡ್ರಾತು ಅಂದ್ರು ಊರಾಗ. ಅವರೇನ್ ಬ್ಯಾಡ ಅನ್ನೂದಿಲ್ಲ ಬಿಡು."

"ಹೆಸರ ಇಲ್ಲದವರು ಏನ್ ಬಿಟ್ಟಾರು?"

ಆಕೆ ಅದನ್ನು ಜಗಳಕ್ಕೆಂದು ಹೇಳಿರಲಿಲ್ಲ. ಕಂಪೈಲರು ಹೇಳಿದ್ದನ್ನು ಕನ್ನಡಿಸಿದ್ದಳು ಅಷ್ಟೆ. ಆದರೆ ಹತ್ತೊಂಬತ್ತು ವರ್ಷದ ಮಗಳ ಬಾಯಲ್ಲಿ ಆ ಮಾತು ಬಂದಾಗ ಮುಂದೊಂದು ದಿನ ಅದೇ ಉತಾರದಲ್ಲಿ ಬರಬೇಕಾದ ಇನ್ನೊಂದು ಹೆಸರೂ ಅಲ್ಲಿ ಕುಳಿತಿತ್ತು. ಊರಿನಲ್ಲಿ ಅವಳ ತಮ್ಮ ಎಂಟನೆಯ ತರಗತಿಯಲ್ಲಿದ್ದನು. ತಂದೆಗೆ ಅದು ತಿಳಿಯದೆ ಇರಲಿಲ್ಲ.

ಹುಡುಗಿ ಪ್ರೋಗ್ರಾಮಿಗೆ ಮರಳಿದಳು. ತೋಟದ ಕನ್‌ಸ್ಟ್ರಕ್ಟರು ಈಗ ಮೂರು ಬೆಲೆಗಳನ್ನು ಪಡೆಯತೊಡಗಿತು: ಗಟ್ ನಂಬರು, ಕ್ಷೇತ್ರ, ಗಿಡಗಳು. ಮೊದಲ ಸಾಲಿನಲ್ಲಿ ಸೂಪರಿನ ಮೂಲಕ ಮೊದಲಿನ ಎರಡನ್ನು ಜಮೀನಿಗೆ ಒಪ್ಪಿಸಿ, ಎರಡನೆಯ ಸಾಲಿನಲ್ಲಿ ಗಿಡಗಳನ್ನು ತನ್ನಲ್ಲಿಟ್ಟುಕೊಂಡಿತು. ಕ್ಷೇತ್ರವನ್ನು ತಾನೇ ನೇರವಾಗಿ ಬರೆದುಬಿಡಬಾರದೇ ಎಂದು ಮೊದಲ ದಿನ ಅವಳಿಗೆ ಅನ್ನಿಸಿತ್ತು. ಆಗದು. ಜಮೀನು ಆ ಕೋಣೆಗಳನ್ನು ಖಾಸಗಿಯಾಗಿ ಇಟ್ಟಿದೆ. ಮಗನಾದರೂ ಕಪಾಟಿಗೆ ಕೈ ಹಾಕುವಂತಿಲ್ಲ. ಒಂದು ವೇಳೆ ಹಾಕಬಹುದಾಗಿದ್ದರೂ, ಕ್ಷೇತ್ರ ಸೊನ್ನೆಯಿರಬಾರದೆಂಬ ತಪಾಸಣೆ ಜಮೀನಿನ ಕನ್‌ಸ್ಟ್ರಕ್ಟರಿನಲ್ಲಿದೆ, ಅದು ತಪ್ಪಿಹೋಗುತ್ತಿತ್ತು.

ಪ್ರೋಗ್ರಾಮು ಓಡಿತು. ಆದರೆ ತೆರೆಯ ಮೇಲೆ 'ಗಿಡಗಳು: 0' ಎಂದು ಬಂದಿತು. ಅವಳು ಕೊಟ್ಟದ್ದು 400.

ಈ ಎರಡನೆಯ ಕಗ್ಗಂಟು ಮೊದಲಿನದಕ್ಕಿಂತ ಸ್ವಾರಸ್ಯದ್ದು, ಅನುಭವಸ್ಥರನ್ನೂ ಕೆಡವುವಂಥದು. ಜಮೀನಿನ ಕನ್‌ಸ್ಟ್ರಕ್ಟರಿನ ಕೊನೆಗೆ 'ವಿವರ' ಎಂಬ ಕಾರ್ಯವನ್ನು ಕರೆಯುವ ಸಾಲನ್ನು ಅವಳು ಇಟ್ಟಿದ್ದಳು. ತೋಟದಲ್ಲಿಯೂ ಅದೇ ಹೆಸರಿನ ಕಾರ್ಯವಿತ್ತು. ಅದು ಗಿಡಗಳನ್ನೂ ಸೇರಿಸಿ ಮುದ್ರಿಸುತ್ತಿತ್ತು. ಹುಟ್ಟುತ್ತಿರುವುದು ತೋಟವಾದ್ದರಿಂದ ಜಮೀನು ತನ್ನ 'ವಿವರ'ವನ್ನು ಕರೆದರೂ ಓಡಿದ್ದು ತೋಟದ 'ವಿವರ'. ಆ ಹೊತ್ತಿಗೆ ತೋಟದ ಎರಡನೆಯ ಸಾಲು ಇನ್ನೂ ಓಡಿರಲಿಲ್ಲ. ಗಿಡಗಳ ಕೋಣೆಯಲ್ಲಿ ಸೊನ್ನೆಯೇ ಇತ್ತು. ತಂದೆ ಇನ್ನೂ ಕಟ್ಟುತ್ತಿರುವಾಗಲೇ ಮಗನ ಹೆಸರಿನಲ್ಲಿ ವ್ಯವಹಾರ ಮಾಡಿದಂತಾಯಿತು. ಸಿ++ ಭಾಷೆ ಇದೇ ಸನ್ನಿವೇಶದಲ್ಲಿ ಬೇರೆ ದಾರಿ ಹಿಡಿದಿದೆ: ಮೂಲವರ್ಗದ ಕನ್‌ಸ್ಟ್ರಕ್ಟರು ಓಡುತ್ತಿರುವವರೆಗೆ ವಸ್ತುವನ್ನು ಮೂಲವರ್ಗದ್ದೆಂದೇ ಭಾವಿಸಿ ಮೂಲವರ್ಗದ ಕಾರ್ಯವನ್ನೇ ಓಡಿಸುತ್ತದೆ. ಯಾವುದು ಸರಿಯೆಂದು ಪಂಡಿತರು ಈಗಲೂ ವಾದಿಸುತ್ತಾರೆ. ಕನ್‌ಸ್ಟ್ರಕ್ಟರಿನೊಳಗಿಂದ ಇಂಥ ಕಾರ್ಯವನ್ನು ಕರೆಯದಿರುವುದೇ ಒಳ್ಳೆಯದೆಂಬುದರಲ್ಲಿ ಮಾತ್ರ ಹೆಚ್ಚಿನವರಿಗೆ ಭಿನ್ನಾಭಿಪ್ರಾಯವಿಲ್ಲ. ಹುಡುಗಿ ಆ ಸಾಲನ್ನು ತೆಗೆದು ವಸ್ತು ಪೂರ್ತಿ ಹುಟ್ಟಿದ ಮೇಲೆ ಹೊರಗಿನಿಂದ ಕರೆದಳು. 400 ಬಂತು.

ಮೂಲವರ್ಗಕ್ಕೆ ಮೊದಲ ಮರ್ಯಾದೆ ಎಂಬ ಈ ನಿಯಮ ಜಾವಾದೊಂದಿಗೆ ಹುಟ್ಟಿದ್ದಲ್ಲ. ನಾರ್ವೆಯ ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿಯೇ ಮೂಲವರ್ಗದ ಹೆಸರನ್ನು ಉಪವರ್ಗದ ಮುಂದೆ ಬರೆಯುವ ಪದ್ಧತಿಯಿತ್ತು. ಮೂಲದ ಸಾಲುಗಳು ಮೊದಲು ಓಡುತ್ತಿದ್ದವು. ಡೆನ್ಮಾರ್ಕಿನ ಬಿಯಾರ್ನೆ ಸ್ಟ್ರೌಸ್ಟ್ರುಪ್ ಸಿಮುಲಾದಿಂದಲೇ ಪಾಠ ಕಲಿತು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ++ ಕಟ್ಟಿದರು. ಅಲ್ಲಿ ಕಟ್ಟುವಾಗ ಮೂಲದಿಂದ ಮೇಲಕ್ಕೆ, ಕೆಡವುವಾಗ ಮೇಲಿನಿಂದ ಮೂಲಕ್ಕೆ; ಮನೆ ಕಟ್ಟಿದ ಗೌಂಡಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸನ್ ಕಂಪನಿಯ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು 1995ರಲ್ಲಿ ಹೊರತಂದ ಜಾವಾ, ಸೂಪರ್ ಇದ್ದರೆ ಅದು ಮೊದಲ ಸಾಲೇ ಆಗಿರಬೇಕೆಂದು ಬಿಗಿ ಮಾಡಿತು. ಮೂವತ್ತು ವರ್ಷ ಆ ಬಿಗಿ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25 ಅದನ್ನು ಸ್ವಲ್ಪ ಸಡಿಲಿಸಿದೆ. ಸೂಪರಿನ ಮೊದಲೂ ಬಂದ ಬೆಲೆಗಳನ್ನು ಪರೀಕ್ಷಿಸುವ ಸಾಲುಗಳನ್ನು ಬರೆಯಬಹುದು, ತನ್ನ ಕೋಣೆಗೆ ಬೆಲೆ ತುಂಬಲೂಬಹುದು. ಆದರೆ ಇನ್ನೂ ಹುಟ್ಟದ ವಸ್ತುವನ್ನು ಓದಿ ಬಳಸುವಂತಿಲ್ಲ. ಹುಡುಗಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಇದ್ದದ್ದು ಹಳೆಯ ಆವೃತ್ತಿ. ಅಲ್ಲಿ ಮೊದಲ ಸಾಲು ಮೊದಲ ಸಾಲೇ.

ಪೈಥಾನ್ ಮಾತ್ರ ಬೇರೆ ಸ್ವಭಾವದ್ದು. ಉಪವರ್ಗ ತನ್ನದೇ ಕನ್‌ಸ್ಟ್ರಕ್ಟರು ಬರೆದುಕೊಂಡರೆ ಮೂಲದ್ದನ್ನು ಅದು ತಾನಾಗಿ ಕರೆಯುವುದಿಲ್ಲ, ಕರೆಯದಿದ್ದುದಕ್ಕೆ ಬೈಯುವುದೂ ಇಲ್ಲ. ವಸ್ತು ಹುಟ್ಟುತ್ತದೆ, ನಗುತ್ತದೆ, ಓಡಾಡುತ್ತದೆ. ಎಂದೋ ಒಂದು ದಿನ ಯಾರೋ ಅದರ ಗಟ್ ನಂಬರು ಕೇಳಿದಾಗ ಅಂಥದೊಂದು ಇಲ್ಲವೇ ಇಲ್ಲ ಎನ್ನುತ್ತದೆ. ಉದಾರವೆಂದು ಇದನ್ನು ಹೊಗಳುವವರಿದ್ದಾರೆ. ಕಚೇರಿಯ ಕಟ್ಟೆಯ ಮೇಲೆ ನಾಲ್ಕು ದಿನ ಕಳೆದವರಿಗೆ ಹಾಗೆ ಅನ್ನಿಸಲಿಕ್ಕಿಲ್ಲ. ಅಂಚಿನಲ್ಲಿ ಹಸಿರು ಶಾಯಿ ಗೀಚಿ ಅಂದೇ ಹಿಂದಿರುಗಿಸುವ ಕಾರಕೂನನು, ಎಲ್ಲವನ್ನೂ ಸ್ವೀಕರಿಸಿ ಇಪ್ಪತ್ತು ವರ್ಷಗಳ ಮೇಲೆ ದಿವಾಣಿ ದಾವೆಗೆ ದಾರಿ ಮಾಡುವವನಿಗಿಂತ ಮೇಲು. ಸಾಂಗ್ಲಿಯ ನೆಲಕ್ಕೆ ಇಂಥ ವಾರಸಾ ಜಗಳಗಳು ಹೊಸವೂ ಅಲ್ಲ. ಚಿಕ್ಕಪ್ಪನೊಡನೆ ಹೊಂದದೆ ಚಿಂತಾಮಣರಾವ್ ಪಟವರ್ಧನರು 1801ರಲ್ಲಿ ಮಿರಜದಿಂದ ಬೇರ್ಪಟ್ಟು ಬಂದುದರಿಂದಲೇ ಸಾಂಗ್ಲಿ ಸಂಸ್ಥಾನವಾಯಿತು. ಮಿರಜ ತಾನೂ 1820ರಲ್ಲಿ ಹಿರಿಯದು ಕಿರಿಯದು ಎಂದು ಹೋಳಾಯಿತು.

ತಂದೆ ಅಂದು ಸಂಜೆಯ ಬಸ್ಸಿಗೆ ಹಿಂದಿರುಗಿದನು. ಶುಲ್ಕದ ಕಂತಿಗೆ ಎರಡು ಮಾಡಗ್ಯಾಳ ಟಗರುಗಳು ಸಂತೆಗೆ ಹೋದವು. ಅವನ್ನು ಮರಿಯಿಂದ ಸಾಕಿದವಳು ಅಜ್ಜಿ. ಅವಳು ಆ ದಿನ ಊಟ ಮಾಡಲಿಲ್ಲವೆಂದು ತಮ್ಮ ಫೋನಿನಲ್ಲಿ ಹೇಳಿದನು.

ಮುಂದಿನ ಭಾನುವಾರ ತಂದೆ ಮಗಳು ಜತ್ತದಲ್ಲಿ ಕೂಡಿ ಅಥಣಿಯ ಬಸ್ಸು ಹತ್ತಿದರು. ಹೊಸ ಅರ್ಜಿ ಮರಾಠಿಯಲ್ಲಿತ್ತು. ಅತ್ತೆ ಗಡಿಯಾಚೆಗೆ ಹೋಗಿ ಮೂವತ್ತು ವರ್ಷವಾಗಿದ್ದು, ಮರಾಠಿ ಅಕ್ಷರ ಅವಳಿಗೆ ಬಹುಮಟ್ಟಿಗೆ ಮರೆತಿತ್ತು. ಹುಡುಗಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು. ನಾಲ್ಕು ಹೆಸರು ಬಂದಾಗ ಅತ್ತೆ ತಡೆದಳು.

"ನಂದೂ ಐತೇನು ಅದರಾಗ?"

"ಐತಿ ಅತ್ತಿ. ಮೂರನೇದು."

ತಮ್ಮ ಅಲ್ಲಿಯೇ ಗೋಡೆಗೆ ಒರಗಿ ಕುಳಿತಿದ್ದನು. ಹಕ್ಕಸೋಡದ ಮಾತನ್ನು ಅವನು ಬಾಯಿ ತೆರೆದು ಎತ್ತಲಿಲ್ಲ. ಆದರೆ ಅದು ಅವನ ಮುಖದ ಮೇಲಿತ್ತು, ಅಕ್ಕನಿಗೆ ಕಂಡಿತು. "ಮೊದಲ ಹೆಸರ ಬರ್ಲಿ ಬಿಡೋ," ಎಂದಳು. "ಬಿಡೂದು ಇಡೂದು ಆಮ್ಯಾಲೆ ನೋಡೂಣು. ಚಾ ಕುಡಿ."

ಆಧಾರ್ ಕಾರ್ಡಿನ ಪ್ರತಿಯನ್ನು ಅವಳು ಡಬ್ಬಿಯೊಂದರಿಂದ ತೆಗೆದುಕೊಟ್ಟಳು. ಮಂಗಳವೇಢೆಯ ಅತ್ತೆಯದು ಅಂಚೆಯಲ್ಲಿ ಬಂದಿತು, ಜೊತೆಗೆ ಮಗಳ ಓದಿಗೆಂದು ಐನೂರು ರೂಪಾಯಿಯ ಒಂದು ನೋಟೂ.

ಈ ಸಲ ಅಂಚಿನಲ್ಲಿ ಯಾರೂ ಏನೂ ಗೀಚಲಿಲ್ಲ. ಮುತ್ತಜ್ಜನಿಂದ ಅಜ್ಜನಿಗೆ ಒಂದು ಫೇರಫಾರ, ಅಜ್ಜನಿಂದ ನಾಲ್ವರಿಗೆ ಇನ್ನೊಂದು. ನೋಟೀಸು ಚಾವಡಿಯ ಗೋಡೆಗೆ ಅಂಟಿತು, ಹದಿನೈದು ದಿನ ಕಳೆದವು, ತಕರಾರು ಬರಲಿಲ್ಲ. ಹೊಸ ಉತಾರದ ಚಿತ್ರವನ್ನು ತಮ್ಮ ಫೋನಿಗೆ ಕಳುಹಿಸಿದಾಗ ಹುಡುಗಿ ಪೈಥಾನ್ ತರಗತಿಯಲ್ಲಿದ್ದಳು. ಬೆಂಚಿನ ಕೆಳಗೆ ಅದನ್ನು ದೊಡ್ಡದು ಮಾಡಿ ನೋಡಿದಳು. ಮೊದಲು ಅಜ್ಜಿಯ ಹೆಸರು, ಆಮೇಲೆ ಅಪ್ಪನದು, ಆಮೇಲೆ ಅತ್ತೆಯರದು. ಅಥಣಿಯ ಅತ್ತೆಯ ಹೆಸರಿನಲ್ಲಿ ಒಂದು ಕಾಗುಣಿತ ತಪ್ಪಿತ್ತು.

ತಂದೆ ಅದೇ ವಾರ ಬ್ಯಾಂಕಿಗೆ ಹೋದನು. ಅಧಿಕಾರಿ ಉತಾರವನ್ನು ನೋಡಿ, ಈಗ ಸರಿಯಾಯಿತೆಂದರು. ಆದರೆ ಸಾಲಕ್ಕೆ ನಾಲ್ವರೂ ಬಂದು ಸಹಿ ಮಾಡಬೇಕೆಂದರು. ತಪ್ಪಿದ ಕಾಗುಣಿತವನ್ನೂ ತಿದ್ದಿಸಿಕೊಂಡು ಬರಲು ಹೇಳಿದರು. ಅಥಣಿಯ ಬಸ್ಸನ್ನು ಮತ್ತೊಮ್ಮೆ ಹಿಡಿಯಬೇಕಾಯಿತು.